ಎರಡಿಂಚು ಕಡಿಮೆ

ನನ್ನ ಗಂಡ ಬಡಗಿ. ನಮ್ಮೂರಿನ ಅರ್ಧಕ್ಕರ್ಧ ಮನೆಗಳ ಬಾಗಿಲು ಇವರ ಕೈಯಿಂದಲೇ ಆದದ್ದು. ಇಂಥ ಮನುಷ್ಯ ಒಂದು ಭಾನುವಾರ ತಮ್ಮ ಹಳೇ ಜೀಪಿನ ಎರಡೂ ಬಾಗಿಲು ಕಳಚಿ ಅಂಗಡಿಯ ಗೋಡೆಗೆ ಒರಗಿಸಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ರೀ, ಮಾಡೋದು ಬಾಗಿಲಿನ ಕೆಲಸ, ಸ್ವಂತ ಗಾಡಿಗೇ ಬಾಗಿಲಿಲ್ಲ ಅಂದ್ರೆ ನೋಡಿದವರು ಏನಂತಾರೆ?"

"ಗುಡ್ಡದ ದಾರೀಲಿ ಚಕ್ರ ಎಲ್ಲಿ ಇಳೀತಿದೆ ಅಂತ ಕಣ್ಣಿಗೆ ಕಾಣ್ಬೇಕು ಕಣೇ. ಬಾಗಿಲಿದ್ರೆ ಅರ್ಧ ಕುರುಡು" ಅಂದರು. ಹಿಂದಿನ ಬಾಗಿಲನ್ನು ಮಾತ್ರ ಧೂಳು ಬರುತ್ತದೆಂದು ಎರಡು ವರ್ಷದ ಹಿಂದೆಯೇ ಬೆಸುಗೆ ಹಾಕಿಸಿ ಮುಚ್ಚಿಬಿಟ್ಟಿದ್ದರು. ಇವರ ಲೆಕ್ಕಾಚಾರವೇ ಹಾಗೆ. ನಾನು ಕೇಳುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಏಳು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಮೇಲೆ ಬಡ್ತಿ ಬಂದಿತ್ತು. ಗುಡ್ಡದ ಆಚೆಯ ದೊಡ್ಡ ಆಸ್ಪತ್ರೆಯಲ್ಲಿ ಇಡೀ ಲ್ಯಾಬಿಗೆ ನಾನೇ ಮುಖ್ಯಸ್ಥೆ. ಅಲ್ಲೇ ಕ್ವಾರ್ಟರ್ಸಿನಲ್ಲಿ ಉಳಿಯಬೇಕು, ರಜೆಗೆ ಮನೆಗೆ ಬರಬೇಕು. ಕೆಲಸಕ್ಕೆ ಸೇರಬೇಕಾದ ದಿನ ಸಂಜೆ ಐದರೊಳಗೆ ಹಾಜರಾಗಿ ಸಹಿ ಹಾಕದಿದ್ದರೆ ಆದೇಶ ಪಟ್ಟಿಯಲ್ಲಿ ನನ್ನ ಕೆಳಗಿರುವವಳಿಗೆ ಹೋಗುತ್ತದೆ ಎಂದು ಪತ್ರದಲ್ಲೇ ಬರೆದಿತ್ತು. ಅದನ್ನು ಇವರಿಗೆ ಎರಡು ಸಲ ಓದಿ ಹೇಳಿದ್ದೆ.

ಆ ದಿನ ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಟವಳನ್ನು ಇವರೇ ತಡೆದರು. "ಇಷ್ಟೊಂದು ಸಾಮಾನು ಹೊತ್ಕೊಂಡು ಬಸ್ಸಲ್ಲಿ ಹೋಗ್ತೀಯಾ? ನಾನೇ ಬಿಡ್ತೀನಿ. ಗುಡ್ಡದ ಒಳದಾರಿ ಇದೆ, ಒಂದು ಗಂಟೆ ಉಳಿಯುತ್ತೆ." ಬಡ್ತಿಯ ಸುದ್ದಿ ಬಂದಾಗಿನಿಂದ ಮುಖ ಊದಿಸಿಕೊಂಡಿದ್ದವರು ಅಂದು ತಾವಾಗಿಯೇ ಟ್ರಂಕು ಎತ್ತಿಟ್ಟರು. ಕೊನೆಗೂ ಒಪ್ಪಿಕೊಂಡರಲ್ಲ ಎಂದು ಹಿಗ್ಗಿದೆ. ಬಸ್ಸು ಬಿಟ್ಟೆ.

ಬಾಗಿಲಿಲ್ಲದ ಜೀಪಿನಲ್ಲಿ ಕೂರುವುದೆಂದರೆ ಏನೆಂದು ಕೂತವರಿಗೇ ಗೊತ್ತು. ಟಾರು ರಸ್ತೆ ಮುಗಿದು ಕಲ್ಲುದಾರಿ ಶುರುವಾದದ್ದೇ ತಡ, ನನ್ನ ಎಡಗಾಲಿನ ಪಕ್ಕದಲ್ಲೇ ನೆಲ ಓಡತೊಡಗಿತು. ಚಕ್ರ ಚಿಮ್ಮಿಸಿದ ಹರಳುಗಳು ಮೀನಖಂಡಕ್ಕೆ ಹೊಡೆಯುತ್ತಿದ್ದವು. ತಿರುವಿನಲ್ಲಿ ಗಾಡಿ ವಾಲಿದಾಗ ನೆಲವೂ ಮಾಯವಾಗಿ ಬರೀ ಪ್ರಪಾತ. ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಬೆಲ್ಟನ್ನು ಹೊಟ್ಟೆ ನೋಯುವಷ್ಟು ಬಿಗಿದುಕೊಂಡೆ. ಬಾಯಿ ತೆರೆದರೆ ಧೂಳು. ಇವರಿಗೋ ಸಂಭ್ರಮ. ಬಲಗಡೆ ಸೊಂಟದವರೆಗೂ ಆಚೆ ಬಾಗಿ ಮುಂದಿನ ಚಕ್ರ ನೋಡುತ್ತಾ, "ನೋಡೇ, ಹೇಗೆ ಹತ್ತುತ್ತೆ ನೋಡು! ಗಾಳಿ ನೋಡು!" ಎಂದು ಕೂಗುತ್ತಿದ್ದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇವರು ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಭಯದ ನಡುವೆಯೂ ಖುಷಿಯಾಯಿತು ಎಂಬುದನ್ನು ಈಗ ಹೇಳಲು ನಾಚಿಕೆಯಾಗುತ್ತದೆ.

ಹನ್ನೆರಡೂವರೆಗೆ ಎರಡು ದೊಡ್ಡ ಬಂಡೆಗಳ ನಡುವಿನ ಸಂದಿಗೆ ಬಂದೆವು. ದೂರದಿಂದಲೇ ಇಕ್ಕಟ್ಟಾಗಿ ಕಂಡಿತು.

"ಹಿಡಿಸುತ್ತಾ?"

"ಹೋದ ವಾರ ಮರ ನೋಡೋಕೆ ಬಂದಾಗ ಅಳತೆ ತಗೊಂಡಿದ್ದೀನಿ" ಎಂದು ಗೇರು ಬದಲಿಸಿದರು.

ಇವರ ಅಳತೆಯ ಬಗ್ಗೆ ಯಾರೂ ಎರಡು ಮಾತಾಡುವುದಿಲ್ಲ. ನಾನೂ ಆಡಲಿಲ್ಲ. ಜೀಪು ನುಗ್ಗಿತು. ಮುಂದಿನ ಮಡ್‌ಗಾರ್ಡಿನ ತಗಡು ಎರಡೂ ಕಡೆ ಕಿರ್ರನೆ ಮಡಚಿಕೊಂಡು ಹೇಗೋ ದಾಟಿತು. ಹಿಂದಿನ ಗಟ್ಟಿ ಮೈ ದಾಟಲಿಲ್ಲ. ಧಡ್ ಎಂದು ನಿಂತಿತು. ಹಿಂದಕ್ಕೆ ತೆಗೆಯಲು ನೋಡಿದರೆ ಮಡಚಿದ ತಗಡು ಬಂಡೆಗೆ ಕೊಕ್ಕೆ ಹಾಕಿ ಕೂತಿತ್ತು. ಚಕ್ರ ಇದ್ದಲ್ಲೇ ತಿರುಗಿ ರಬ್ಬರು ಸುಟ್ಟ ವಾಸನೆ ಬಂತು. ಇಂಜಿನ್ ಆರಿಸಿದರು.

ಬಾಗಿಲೇ ಇಲ್ಲದ ಗಾಡಿ, ಆದರೆ ಇಳಿಯುವುದು ಎಲ್ಲಿಗೆ? ನನ್ನ ಎಡಕ್ಕೆ ಅಂಗೈ ಅಗಲದ ಸಂದು, ಆಮೇಲೆ ಬಂಡೆ. ಅವರ ಬಲಕ್ಕೂ ಅಷ್ಟೇ. ಮೇಲೆ ನಟ್ಟು ಬಿಗಿದ ಕಬ್ಬಿಣದ ಚಾವಣಿ. ಹಿಂದೆ ನನ್ನ ಟ್ರಂಕು, ಹಾಸಿಗೆ, ಅದರಾಚೆ ಬೆಸುಗೆ ಹಾಕಿದ ಬಾಗಿಲು. ಎದುರಿಗೆ ಗಾಜು. ಫೋನಿಗೆ ಸಿಗ್ನಲ್ ಇರಲಿಲ್ಲ.

"ಜೀಪಿನ ಹೊರಮೈ ಬಿಟ್ಟು ಒಳಗಳತೆ ತಗೊಂಡ್ಬಿಟ್ಟೆ ಅನ್ಸುತ್ತೆ. ಚೌಕಟ್ಟಿಗೆ ತಗೊಂಡು ರೂಢಿ ಅಲ್ವಾ" ಅಂದರು ಮೆಲ್ಲಗೆ. "ಕಾಯೋಣ. ಯಾರಾದ್ರೂ ಬರ್ತಾರೆ."

ಕಾದೆವು. ಇಂಜಿನ್ನಿನ ಕಾವು ಪಾದಕ್ಕೆ ಹತ್ತುತ್ತಿತ್ತು. ಬೆವರಿಗೆ ಸೀರೆ ಬೆನ್ನಿಗೆ ಅಂಟಿತು. ಕಾಲು ಚಾಚಲು ಜಾಗವಿಲ್ಲ. ಬಾಟಲಿಯಲ್ಲಿ ನೀರಿತ್ತು, ಆದರೆ ಕುಡಿದರೆ ಮುಂದಿನ ಪಜೀತಿ ನೆನೆದು ಕುಡಿಯಲಿಲ್ಲ. ಒಂದೂವರೆಯಾಯಿತು. ಎರಡು ಗಂಟೆಯಾಯಿತು. ಏಳು ವರ್ಷ ಕಾದದ್ದು ಈ ಕಲ್ಲಿನ ಸಂದಿಯಲ್ಲಿ ಮುಗಿಯುತ್ತದೆಯಲ್ಲ ಎಂದು ಅಳು ಒತ್ತರಿಸಿ ಬಂತು. ಇವರ ಮುಂದೆ ಅಳಬಾರದೆಂದು ಬಂಡೆಯ ಕಡೆ ಮುಖ ತಿರುಗಿಸಿದೆ.

ಸೂರ್ಯ ಸ್ವಲ್ಪ ವಾಲಿ ಬೆಳಕು ಸಂದಿಗೆ ಇಳಿದಿತ್ತು. ನನ್ನ ಮೂಗಿನ ಮುಂದೆಯೇ, ಕಲ್ಲಿನ ಮೇಲೆ, ಬಡಗಿಗಳ ಚಪ್ಪಟೆ ಪೆನ್ಸಿಲಿನ ದಪ್ಪ ಗೆರೆ. ಪಕ್ಕದಲ್ಲಿ ಅಡಿ-ಇಂಚಿನ ಬರಹ. ಸಂದು ೫-೨. ಜೀಪು ೫-೪. ಅದರ ಕೆಳಗೊಂದು ಗೆರೆ ಎಳೆದು, ಕಡಿಮೆ ೨ ಎಂದು ಬರೆದು ಸುತ್ತ ಸೊನ್ನೆ ಸುತ್ತಿತ್ತು.

ಇವರು ಕಾಗದದ ಮೇಲೆ ಲೆಕ್ಕ ಮಾಡುವವರೇ ಅಲ್ಲ. ಯಾವ ಮರ ಕೊಯ್ಯಬೇಕೋ ಅದರ ಮೇಲೇ ಕೂಡಿ ಕಳೆದು, ಉತ್ತರಕ್ಕೆ ಸೊನ್ನೆ ಸುತ್ತುತ್ತಾರೆ. ಆಮೇಲೆ ಉಜ್ಜುಗೊರಡು ಹೊಡೆದರೆ ಅದು ಹೊಟ್ಟಿನ ಜೊತೆ ಹೋಗಿಬಿಡುತ್ತದೆ. ಅಳಿಸಬೇಕೆಂಬ ಯೋಚನೆಯೇ ಇವರಿಗೆ ಜನ್ಮದಲ್ಲಿ ಬಂದಿಲ್ಲ. ಕಲ್ಲಿಗೆ ಯಾರು ಉಜ್ಜುಗೊರಡು ಹೊಡೆಯುತ್ತಾರೆ?

"ಇದೇನ್ರೀ?"

ಬಗ್ಗಿ ನೋಡಿದರು. ಮುಖದ ರಕ್ತವೆಲ್ಲ ಇಳಿದುಹೋಯಿತು.

"ಗೊತ್ತಿತ್ತು ನಿಮಗೆ. ಹಿಡಿಸಲ್ಲ ಅಂತ ಗೊತ್ತಿದ್ದೇ ನುಗ್ಗಿಸಿದ್ರಿ."

"ಒಂದು ದಿನದ ಮಾತು ಅಂದ್ಕೊಂಡೆ. ಇವತ್ತು ತಪ್ಪಿದ್ರೆ ನೀನೇ ಸಮಾಧಾನ ಆಗಿ ಮನೇಲಿ ಇರ್ತೀಯ ಅಂತ…" ಸ್ಟಿಯರಿಂಗಿನ ಮೇಲೆ ಹಣೆ ಇಟ್ಟರು. "ನೀನು ಹೋದ್ರೆ ಆ ಮನೇಲಿ ನಾನೊಬ್ಬನೇ ಏನೇ ಮಾಡ್ಲಿ? ಹೋಗ್ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ."

ಪಾಪ ಅನಿಸಿದ್ದು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಮೈಯೆಲ್ಲ ಉರಿಯಿತು. ಬಾಯಿ ಬಿಟ್ಟು ಬೇಡ ಎಂದಿದ್ದರೆ ಜಗಳವಾಡುತ್ತಿದ್ದೆ, ಅಳುತ್ತಿದ್ದೆ, ಯಾರಿಗೆ ಗೊತ್ತು, ಉಳಿದೂ ಬಿಡುತ್ತಿದ್ದೆನೇನೋ. ಈ ಮನುಷ್ಯ ನನ್ನನ್ನು ಅಳೆದು, ಕಳೆದು, ಕಲ್ಲಿಗೆ ಕೂರಿಸಿಬಿಟ್ಟಿದ್ದರು.

ಬೆಲ್ಟು ಬಿಚ್ಚಿ ಗಾಜಿನ ಚೌಕಟ್ಟನ್ನು ಮೇಲಿನಿಂದ ಕೆಳಗೆ ತಡವಿದೆ. ನನ್ನ ಕಡೆ ಮೂಲೆಯಲ್ಲಿ ಕೈಯಲ್ಲೇ ತಿರುಗಿಸುವಂಥ ಒಂದು ಕಿವಿಯಿದ್ದ ತಿರುಪು. ಅವರ ಕಡೆಯೂ ಒಂದು. ಕೆಳಗೆ ಕೀಲು.

"ಇದು ಮುಂದಕ್ಕೆ ಮಡಚುತ್ತಾ?"

ಇವರು ಉತ್ತರ ಕೊಡದಿದ್ದರೆ ಹೌದು ಎಂದರ್ಥ.

ಅಂದರೆ ಎರಡು ಗಂಟೆ ಹೊತ್ತು ಬಾಗಿಲು ನನ್ನ ಕಣ್ಣೆದುರಿಗೇ ಇತ್ತು! ನನ್ನ ಕಡೆಯದು ಬೇಗ ಬಿಚ್ಚಿತು. "ನಿಮ್ಮ ಕಡೆಯದು ತೆಗೀರಿ" ಅಂದೆ. ಕೈ ಅಲ್ಲಾಡಲಿಲ್ಲ. ಇನ್ನೊಂದು ಸಲ ಕೇಳಲಿಲ್ಲ. ಅವರ ಮೈಮೇಲೆಯೇ ಅಡ್ಡ ಬಿದ್ದು ಕೈ ಚಾಚಿದೆ. ನನ್ನ ಎದೆ ಹಾರನ್ನಿಗೆ ಒತ್ತಿತು. ತುಕ್ಕು ಹಿಡಿದ ತಿರುಪು ಸಡಿಲವಾಗುವವರೆಗೂ ಆ ಸಂದಿಯಲ್ಲಿ ಹಾರನ್ನು ಒಂದೇ ಸಮನೆ ಅರಚಿತು. ಉಗುರು ಕಿತ್ತು ರಕ್ತ ಬಂತು. ಅಷ್ಟು ಹೊತ್ತೂ ಅವರ ಮುಖ ನನ್ನ ಮುಖಕ್ಕೆ ಗೇಣು ದೂರದಲ್ಲಿತ್ತು. ತಡೆಯಲೂ ಇಲ್ಲ, ಸಹಾಯ ಮಾಡಲೂ ಇಲ್ಲ.

ಗಾಜು ಬಾನೆಟ್ಟಿನ ಮೇಲೆ ಮಲಗಿತು. ಫೈಲು ಕಂಕುಳಲ್ಲಿಟ್ಟುಕೊಂಡು, ಸೀರೆ ಎತ್ತಿ ಕಟ್ಟಿ, ಕೂಸು ತೆವಳುವ ಹಾಗೆ ತೆವಳಿ ಆಚೆ ಜಿಗಿದೆ. ಆಚೆ ಕಡೆ ದಾರಿ ಸಲೀಸಾಗಿ ಇಳಿದಿತ್ತು. ದೂರದಲ್ಲಿ ಡಾಂಬರು ರಸ್ತೆಯೂ ಕಾಣುತ್ತಿತ್ತು.

"ಬನ್ನಿ. ದಾರಿ ಇದೆಯಲ್ಲ. ಇಬ್ಬರೂ ಹೋಗೋಣ."

ಅವರು ಬೆಲ್ಟನ್ನೂ ಬಿಚ್ಚಲಿಲ್ಲ. ಸ್ಟಿಯರಿಂಗು ಹಿಡಿದು ಕೂತೇ ಇದ್ದರು. "ಬನ್ರೀ" ಎಂದು ಮತ್ತೊಮ್ಮೆ ಕರೆದೆ. ನೀರಿನ ಬಾಟಲಿಯನ್ನು ಸೀಟಿನ ಮೇಲೆಯೇ ಬಿಟ್ಟು ಬಂದಿದ್ದೆ, ಅದೊಂದು ಸಮಾಧಾನವೆಂದುಕೊಂಡು ನಡೆದೆ.

ರಸ್ತೆಯಲ್ಲಿ ಇಟ್ಟಿಗೆಯ ಲಾರಿಯವನು ಹತ್ತಿಸಿಕೊಂಡ. ಸಿಗ್ನಲ್ ಸಿಕ್ಕಿದ ಕೂಡಲೇ ಲಾರಿಯವನೇ ಹೇಳಿದ ಕ್ರೇನಿನವನಿಗೆ ಫೋನು ಮಾಡಿ ಜಾಗ ವಿವರಿಸಿದೆ.

"ಒಳಗೆ ಯಾರಾದ್ರೂ ಇದ್ದಾರಾಮ್ಮ?"

"ನಮ್ಮ ಯಜಮಾನ್ರು ಇದ್ದಾರೆ."

"ಏಟು ಬಿದ್ದಿದೆಯಾ? ಕಾಲು ಗೀಲು ಸಿಕ್ಕಿಕೊಂಡಿದೆಯಾ?"

"ಇಲ್ಲ."

"ಹೊರಗೆ ಬರೋಕೆ ದಾರಿ?"

"ಇದೆ. ನಾನು ಹಾಗೇ ಬಂದೆ."

"ಮತ್ತೆ ಅವರು ಯಾಕೆ ಬಂದಿಲ್ಲ?"

ಲಾರಿಯ ಗಡಿಯಾರದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷವಾಗಿತ್ತು.

"ಬೇಗ ಹೋಗಿ, ಅಣ್ಣ" ಅಂದೆ. "ಕತ್ತಲಾದ್ರೂ ಅವರು ಅಲ್ಲೇ ಕೂತಿರ್ತಾರೆ."