ಟವೆಲ್ ಹಾಕಿದ ಸೀಟು

ಸಂಜೆಯ ನಂಜನಗೂಡು ರೈಲು ಚಾಮರಾಜಪುರಂ ಸ್ಟೇಷನ್ನಿಗೆ ಬರುವಷ್ಟರಲ್ಲಿ ಕಾಲಿಡಲೂ ಜಾಗವಿರುತ್ತಿರಲಿಲ್ಲ. ದಿನವೆಲ್ಲ ಊದುಬತ್ತಿ ಹೊಸೆದು ದಣಿದ ದೇವೀರಮ್ಮ ಕುಂಟುಗಾಲು ಎಳೆದುಕೊಂಡು ಹತ್ತಿ, ತನ್ನೂರು ಕಡಕೊಳದವರೆಗೂ ನಿಂತೇ ಹೋಗುತ್ತಿದ್ದಳು. ಒಂದು ಸಂಜೆ ರೈಲು ಜಗ್ಗಿದಾಗ ಬಿದ್ದೇಬಿಟ್ಟಳು. ಎಲ್ಲರೂ ಅಯ್ಯೋ ಪಾಪ ಅಂದರು. ಪಾಪ ಅನ್ನುವುದಕ್ಕೆ ಎದ್ದು ನಿಲ್ಲಬೇಕಾಗಿಲ್ಲವಲ್ಲ.

ಮಾರನೆಯ ದಿನದಿಂದ ಬಾಗಿಲ ಪಕ್ಕದ ಸೀಟಿನ ಮೇಲೆ ಒಂದು ಚೌಕುಳಿ ಟವೆಲ್ ಕಾಣಿಸತೊಡಗಿತು. ಮೈಸೂರು ಸ್ಟೇಷನ್ನಿನಲ್ಲಿ ಹತ್ತುತ್ತಿದ್ದ ಯಾರೋ ಬಡಗಿ, ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿದು, ಅವಳು ಬಂದ ಕೂಡಲೇ ಅದನ್ನು ಹೆಗಲಿಗೆ ಹಾಕಿಕೊಂಡು ತಾನು ಬಾಗಿಲಲ್ಲಿ ನಿಲ್ಲುತ್ತಿದ್ದ. ಹೆಸರು ಹೇಳಲಿಲ್ಲ, ಅವಳದ್ದನ್ನು ಕೇಳಲೂ ಇಲ್ಲ. ಅವಳಿಗೆ ಕಾಲು ನೋಯುತ್ತದೆಂದು ಗಂಡ ಸತ್ತ ಮೇಲೆ ನೆನಪಿಟ್ಟುಕೊಂಡವನು ಅವನೊಬ್ಬನೇ.

ಅದೇ ಬೋಗಿಯಲ್ಲಿ ಅವಳ ಊರಿನ ಕೆಂಚಮ್ಮನೂ ಮೊಸರು ಮಾರಿ ಬರುತ್ತಿದ್ದಳು. ಮಡಕೆ ಖಾಲಿಯಾದರೂ ಬಾಯಿ ಖಾಲಿಯಾಗದ ಹೆಂಗಸು. ನಿಮ್ಮತ್ತಿಗೆಗೆ ರೈಲಿನಲ್ಲಿ ಟವೆಲ್ ಹಾಸುವವನೊಬ್ಬ ಸಿಕ್ಕಿದ್ದಾನೆ ಎಂದು ದೇವೀರಮ್ಮನ ಮೈದುನ ಮರಿಸ್ವಾಮಿಯ ಕಿವಿ ಊದಿದಳು.

"ನಾಳೆಯಿಂದ ಮೈಸೂರು ಸಾಕು ಅತ್ಗೆ," ಅಂದ ಅವನು.

ಕೆಲಸ ಹೋದರೆ ತನಗೂ ಮಗಳಿಗೂ ಮುದ್ದೆ ಬೇಕೆಂದಾಗಲೆಲ್ಲ ಇವನ ಹೆಂಡತಿಯ ಮುಖ ನೋಡಬೇಕು. ಆ ಮುಖ ದೇವೀರಮ್ಮನಿಗೆ ಗೊತ್ತಿತ್ತು. ಒಂದೇ ಒಂದು ದಿನ ಕೊಡಪ್ಪ, ಊರ ಬಾಯಿ ಮುಚ್ಚಿಸುತ್ತೇನೆ ಎಂದು ಅಂಗಲಾಚಿದಳು.

ಮರುಸಂಜೆ ಬಡಗಿ ಟವೆಲ್ ಎತ್ತಲು ಬಗ್ಗಿದಾಗ, ಕೆಂಚಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ ದೇವೀರಮ್ಮ ಕೇಳಿದಳು:

"ಏನಯ್ಯಾ, ನಿಂಗೆ ಅಕ್ಕತಂಗೀರು ಇಲ್ವಾ?"

ಬೋಗಿಯವರೆಲ್ಲ ತಿರುಗಿ ನೋಡಿದರು. ಅದು ಯಾರೂ ಉತ್ತರ ಕೊಡದ ಬೈಗುಳ. ಅವನು ಕೊಟ್ಟ.

"ಒಬ್ಳಿದ್ಲು ಕಣಮ್ಮ. ಅವಳೂ ಹಿಂಗೇ ಕುಂಟ್ತಿದ್ಲು."

ಟವೆಲ್ ಕೊಡವಿಕೊಂಡು, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಬೇರೆ ಬೋಗಿಗೆ ಹೋದ. ದೇವೀರಮ್ಮನಿಗೆ ಅವನ ಕಾಲು ಹಿಡಿದು ಅಳಬೇಕೆನ್ನಿಸಿತು. ಕೆಂಚಮ್ಮ ನೋಡುತ್ತಿದ್ದಳು, ಅದಕ್ಕೇ ಸುಮ್ಮನೆ ನಿಂತಳು.

ಕೆಲಸ ಉಳಿಯಿತು. ಮಾನವೂ ಉಳಿಯಿತು, ಹೆಂಗಸೆಂದರೆ ಹೀಗಿರಬೇಕು ಎಂದು ಬೋಗಿಯವರೆಲ್ಲ ಹೊಗಳಿದರು. ಹೊಗಳುವುದಕ್ಕೂ ಎದ್ದು ನಿಲ್ಲಬೇಕಾಗಿರಲಿಲ್ಲ.

ಮರುದಿನ ಬಾಗಿಲ ಪಕ್ಕದ ಸೀಟಿನಲ್ಲಿ ಕೆಂಚಮ್ಮನೇ ಕೂತಿದ್ದಳು, ಖಾಲಿ ಮಡಕೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು.

"ಮಾನ ಅಂದ್ರೆ ನಿಂದು ಕಣೇ ದೇವೀರಿ," ಅಂದಳು. ಮಡಕೆಯನ್ನು ಮಾತ್ರ ಕೆಳಗಿಳಿಸಲಿಲ್ಲ. ದೇವೀರಮ್ಮ ಕಡಕೊಳದವರೆಗೂ ನಿಂತೇ ಹೋದಳು.