ಐದನೇ ನಂಬರು

"ಐದು ನಂಬರ್ ಸೇರಿದ್ರೆ ಮಾತ್ರ ಈ ರೇಟು. ನಾಲ್ಕಕ್ಕೆ ಕೊಡಲ್ವಂತೆ," ಎಂದರು ನಮ್ಮ ಮನೆಯವರು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಹಾಳೆಯನ್ನು ಪೆನ್ನಿನ ತುದಿಯಿಂದ ಕುಟ್ಟುತ್ತ.

ಅವರು ಶಾಲಾ ವ್ಯಾನು ಓಡಿಸುತ್ತಾರೆ. ಬೆಳಗ್ಗೆ ಮಕ್ಕಳನ್ನು ಇಳಿಸಿದ ಮೇಲೆ ಮಧ್ಯಾಹ್ನ ಮತ್ತೆ ಹತ್ತಿಸಿಕೊಳ್ಳುವವರೆಗೆ ನಾಲ್ಕು ಗಂಟೆ ಬಿಡುವು. ಆ ನಾಲ್ಕು ಗಂಟೆ ನಮ್ಮ ಮನೆಗೆ ಒಳ್ಳೆಯದಲ್ಲ. ಹೋದ ವರ್ಷ ಅದರಲ್ಲಿ ಅಡುಗೆಮನೆಯ ನಲ್ಲಿ ಬಿಚ್ಚಿದ್ದರು. ಈ ಸಲ ಮೊಬೈಲ್ ಪ್ಲಾನುಗಳನ್ನು ಹಿಡಿದುಕೊಂಡಿದ್ದರು.

ಹಾಳೆಯಲ್ಲಿ ಮೂರು ಕಾಲಮ್ಮು. ಹಳೇ ಕಂಪನಿ, ಹಸಿರು ಕಂಪನಿ, ನೇರಳೆ ಕಂಪನಿ. ಸಿಮ್ಮಿನ ಪೊಟ್ಟಣದ ಬಣ್ಣ ನೋಡಿ ಇಟ್ಟುಕೊಂಡ ಹೆಸರುಗಳು ಇವು. ನಿಜವಾದ ಹೆಸರುಗಳು ನಮ್ಮ ಯಾರ ನಾಲಿಗೆಗೂ ಹತ್ತಲಿಲ್ಲ. ಸಿಗ್ನಲ್ ಪರೀಕ್ಷೆಗೆಂದು ಯಾರದೋ ಸಿಮ್ ಎರವಲು ತಂದು ಇಡೀ ಮನೆ ಸುತ್ತಿದ್ದರು. ಬಚ್ಚಲಲ್ಲಿ ನಿಂತು "ಕೇಳಿಸ್ತಿದೆಯಾ?" ಎಂದು ಕೂಗಿದಾಗ, ಫೋನಿಲ್ಲದೆಯೇ ಕೇಳಿಸುತ್ತಿದೆ ಎಂದು ಮಗಳು ಹೊರಗಿನಿಂದ ಉತ್ತರ ಕೊಟ್ಟಿದ್ದಳು.

"ಹಳೇದು ಚೆನ್ನಾಗೇ ಇದೆಯಲ್ಲ," ಎಂದಳು ಅಮ್ಮ, ಹೊಲಿಗೆ ಯಂತ್ರದ ಮೇಲಿಂದ ತಲೆ ಎತ್ತದೆ. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಉದ್ದವಾದ ಪ್ಯಾಂಟು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಜಿಪ್ಪು ಹಾಕುವುದು ಅವಳ ಕೆಲಸ.

"ಅತ್ತೆ, ನೇರಳೇದು ಅರ್ಧಕ್ಕರ್ಧ ಕಮ್ಮಿ. ಎಷ್ಟು ಹೊತ್ತು ಬೇಕಾದ್ರೂ ಮಾತಾಡಿ, ಕೇಳೋರಿಲ್ಲ. ಅದರ ಮೇಲೆ ದಿನಕ್ಕೆ ಎರಡು ಜಿಬಿ ಡೇಟಾ."

"ನನ್ನ ಗುಂಡಿ ಫೋನಿಗೆ ಅಷ್ಟೊಂದು ಡೇಟಾನಾ? ಎಲ್ಲಿಡ್ಲಿ ಅಳಿಯಂದಿರೇ, ಕಪಾಟಲ್ಲಾ?"

ಮಗಳು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ಅವಳು, ನಾನು, ಇವರು, ಅಮ್ಮ ಸೇರಿದರೆ ನಾಲ್ಕು. ಐದನೆಯವರು ಯಾರು ಎಂಬ ಪ್ರಶ್ನೆಗೆ ಉತ್ತರವನ್ನೂ ಇವರು ಹಾಳೆಯ ಕೆಳಗೆ ಮೊದಲೇ ಬರೆದಿಟ್ಟಿದ್ದರು: ದೊಡ್ಡಮ್ಮ.

ಅಮ್ಮನ ಯಂತ್ರ ನಿಂತಿತು.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಊರಿನ ಇನ್ನೊಂದು ತುದಿಯಲ್ಲಿ ಬ್ರೆಡ್ಡಿನ ಬೇಕರಿಯೊಂದರಲ್ಲಿ ಹಿಟ್ಟು ನಾದುವ ಕೆಲಸ. ನಸುಕಿಗೆ ಒಲೆಯ ಮುಂದೆ ನಿಂತರೆ ಮಧ್ಯಾಹ್ನಕ್ಕೆ ಬಿಡುಗಡೆ. ಇಬ್ಬರೂ ಒಬ್ಬರನ್ನೊಬ್ಬರು ಪ್ರಾಣಕ್ಕಿಂತ ಹೆಚ್ಚಾಗಿ ಹಚ್ಚಿಕೊಂಡವರು, ಆದರೆ ಬಾಯಿ ತೆರೆದರೆ ಎರಡು ನಿಮಿಷಕ್ಕೆ ಜಗಳ. ಆರು ವರ್ಷದ ಹಿಂದೆ ಒಮ್ಮೆ ಫೋನಿನಲ್ಲಿ ಹನ್ನೊಂದು ನಿಮಿಷ ಮಾತಾಡಿದ್ದರು. ವಿಷಯ ಅವರಪ್ಪನ ಕತ್ತರಿ. ತಾತ ದರ್ಜಿ, ಅವರ ದೊಡ್ಡ ಕಬ್ಬಿಣದ ಕತ್ತರಿ ಅಮ್ಮನ ಮೇಜಿನ ಮೇಲಿದೆ. "ನಂಗೆ ಕೊಡು ಅಂತ ಅಲ್ಲ, ನನ್ನನ್ನ ಒಂದು ಮಾತು ಕೇಳಬೇಕಿತ್ತು" ಎಂಬುದು ದೊಡ್ಡಮ್ಮನ ಸಂಕಟ. "ಬಟ್ಟೆ ಹೊಲಿಯೋಳು ನಾನು, ಬ್ರೆಡ್ಡು ಕತ್ತರಿಸೋಕೆ ಬೇಕಾ ನಿಂಗೆ?" ಎಂದು ಅಮ್ಮ ಅಂದುಬಿಟ್ಟಳು. ಅಲ್ಲಿಗೆ ಮುಗಿಯಿತು. ಒಂದೂವರೆ ವರ್ಷ ಮಾತಿಲ್ಲ, ಕತೆಯಿಲ್ಲ.

ಆಮೇಲೊಂದು ದಿನ ಬೆಳಗ್ಗೆ ಆರಕ್ಕೆ ಅಮ್ಮನ ಫೋನು ಒಂದೇ ಒಂದು ಸಲ ಹೊಡೆದು ನಿಂತಿತು. ಅಮ್ಮ ನಂಬರು ನೋಡಿದಳು, ಸುಮ್ಮನಿದ್ದಳು. ಮರುದಿನ ಆರಕ್ಕೆ ತಾನೇ ಒಂದು ರಿಂಗು ಕೊಟ್ಟು ಕಟ್ ಮಾಡಿದಳು. ಅಂದಿನಿಂದ ಅದು ತಪ್ಪಿಲ್ಲ. ಒಂದು ರಿಂಗಾದರೆ "ಎದ್ದಿದ್ದೀನಿ, ಚೆನ್ನಾಗಿದ್ದೀನಿ". ಎರಡಾದರೆ "ಫೋನ್ ಮಾಡು, ಮಾತಾಡಬೇಕು". ಮೂರಾದರೆ "ಏನೋ ಆಗಿದೆ, ಹೊರಟು ಬಾ". ಈ ಒಪ್ಪಂದವನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಹೊತ್ತವಳು ನಾನೇ. ಫೋನು ಎತ್ತುವಂತಿಲ್ಲ ಎಂಬುದು ಮುಖ್ಯ ನಿಯಮ. ಎರಡು, ಮೂರು ರಿಂಗು ಈವರೆಗೂ ಯಾರೂ ಕೊಟ್ಟಿರಲಿಲ್ಲ. ಆ ಒಂದು ರಿಂಗು ಇಲ್ಲವಾದರೆ ಇಬ್ಬರಿಗೂ ಉಳಿಯುವುದು ಎರಡೇ, ಇಲ್ಲ ಜಗಳ, ಇಲ್ಲ ಮೌನ. ಎರಡರ ರುಚಿಯನ್ನೂ ಅವರು ನೋಡಿಯಾಗಿತ್ತು.

ನಮ್ಮ ಮನೆಯವರಿಗೆ ಇದು ಬರೀ ಜಿಪುಣತನ. "ಇನ್ಮೇಲೆ ಮಿಸ್ಡ್ ಕಾಲ್ ಯಾಕತ್ತೆ? ಗಂಟೆಗಟ್ಟಲೆ ಮಾತಾಡಬಹುದು ಅಕ್ಕನ ಹತ್ರ," ಎಂದರು.

"ಅದೇ ಭಯ," ಎಂದಳು ಅಮ್ಮ.

ದೊಡ್ಡಮ್ಮನನ್ನು ಒಪ್ಪಿಸಲು ನಾನೇ ಬೇಕರಿಗೆ ಹೋದೆ. ಅವಳು ಮೊಣಕೈವರೆಗೆ ಹಿಟ್ಟಾಗಿದ್ದ ಕೈಗಳನ್ನು ಮೇಲೆತ್ತಿಕೊಂಡೇ ಕೇಳಿಸಿಕೊಂಡಳು. "ನಂಬರ್ ಇದೇ ಇರತ್ತಾ?" "ಇರತ್ತೆ." "ಬೆಳಗ್ಗೆ ರಿಂಗ್ ಬರತ್ತಾ?" "ಬರತ್ತೆ ದೊಡ್ಡಮ್ಮ." "ಹಾಗಾದ್ರೆ ಬಣ್ಣ ಯಾವುದಾದ್ರೆ ನಂಗೇನು," ಎಂದಳು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗೊತ್ತಿಲ್ಲದ್ದು ಒಂದಿತ್ತು, ಅಷ್ಟೇ.

ಮುಂದಿನ ವಾರ ಒಂದು ಸಂಜೆ ಐವರೂ ನೇರಳೆಯಾದೆವು.

ಮರುದಿನ ಭಾನುವಾರ, ವ್ಯಾನಿಗೆ ರಜೆ. ಬೆಳಗ್ಗೆ ಆರಕ್ಕೆ ನಾನು ಟೀಗೆ ನೀರಿಟ್ಟಿದ್ದೆ. ಮುಂದಿನ ಕೋಣೆಯಲ್ಲಿ ಅಮ್ಮ ಫೋನು ಕಿವಿಗೆ ಒತ್ತಿಕೊಂಡು ನಿಂತಿದ್ದಳು. ಇಷ್ಟು ಹೊತ್ತಿಗೆ ಕಟ್ ಮಾಡಿ ಯಂತ್ರದ ಮುಂದೆ ಕೂತಿರಬೇಕಿತ್ತು.

"ಯಾರೋ ಹೆಂಗಸು ಮಾತಾಡ್ತಿದ್ದಾಳೆ ಕಣೆ," ಎಂದಳು. "ಹಿಂದ್ಗಡೆ ವಾದ್ಯ ಬೇರೆ. ರಿಂಗೇ ಆಗ್ತಿಲ್ಲ."

"ಸ್ವಲ್ಪ ತಡಿ, ಹೊಸ ಸಿಮ್ಮಲ್ವಾ, ಆಗತ್ತೆ," ಎಂದೆ. ಆ ಸಲಹೆ ನನ್ನದು, ಒಪ್ಪಿಕೊಳ್ಳುತ್ತೇನೆ.

ಅಮ್ಮ ತಡೆದಳು. ಹೆಂಗಸಿನ ಮಾತು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು, ಆಮೇಲೆ ಲೈನು ತಾನಾಗಿ ಕಟ್ಟಾಯಿತು. ಅಮ್ಮ ಮತ್ತೆ ಮಾಡಿದಳು. ಎಂಗೇಜು. ಮತ್ತೆ ಮಾಡಿದಳು. ಎಂಗೇಜು.

ಮುಕ್ಕಾಲು ಗಂಟೆಯ ಮೇಲೆ ಮನೆ ಮುಂದೆ ಬೇಕರಿಯ ಬ್ರೆಡ್ಡಿನ ಗಾಡಿ ಕೀಚ್ ಎಂದು ನಿಂತಿತು. ಮುಂದಿನ ಸೀಟಿನಿಂದ ದೊಡ್ಡಮ್ಮ ಇಳಿದಳು. ತಲೆಗೆ ಬೇಕರಿಯ ಬಿಳಿ ಟೋಪಿ, ಮೈಮೇಲೆ ಏಪ್ರನ್ನು, ಕೈಮೇಲೆ ಒಣಗಿ ಬಿರುಕು ಬಿಟ್ಟ ಹಿಟ್ಟು. ಬಾಗಿಲಲ್ಲಿ ನಿಂತು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಎಣಿಸಿದಳು. ಎಲ್ಲರೂ ಇದ್ದೆವು. ಅಮ್ಮನ ಕೈಯಲ್ಲಿ ಟೀ ಲೋಟ ಇತ್ತು.

"ಟೀ ಕುಡೀತಿದ್ದೀಯಾ?" ಎಂದಳು ದೊಡ್ಡಮ್ಮ.

"ಏನಾಯ್ತೇ ಅಕ್ಕಾ?"

"ನಂಗೇನಾಗತ್ತೆ? ಒಂಬತ್ತು! ಒಂಬತ್ತು ರಿಂಗು ಕೊಟ್ಟಿದ್ದೀಯ! ಮೂರಕ್ಕೇ ನನ್ನ ಕೈಕಾಲು ಬಿದ್ದುಹೋಯ್ತು. ನಾಲ್ಕಕ್ಕೆ ಅಂದ್ಕೊಂಡೆ ಯಾರೋ ಹೋದ್ರು ಅಂತ. ಒಂಬತ್ತಾದ್ಮೇಲೆ ಮನೇನೇ ಇಲ್ಲ ಅಂದ್ಕೊಂಡೆ! ಕೈ ಒರೆಸ್ಕೊಂಡು ವಾಪಸ್ ಮಾಡಿದ್ರೆ ಬರೀ ಎಂಗೇಜು."

"ನಾನೇ ಮಾಡ್ತಿದ್ದೆ ನಿಂಗೆ!"

"ಎಂಬತ್ತು ಬನ್ನಿನ ಹಿಟ್ಟು ಅಲ್ಲೇ ಬಿಟ್ಟು ಬಂದಿದ್ದೀನಿ. ಅದು ಉಬ್ಬಿ ಉಬ್ಬಿ ಈಗ ಬಾಗಿಲಿಗೆ ಬಂದಿರತ್ತೆ."

"ನಂಗೇನೇ ಗೊತ್ತು? ಒಂದೂ ರಿಂಗ್ ಕೇಳಿಸ್ಲಿಲ್ಲ ನಂಗೆ!"

"ಎಣಿಸೋಕೆ ಬರಲ್ವಾ ನಿಂಗೆ? ಅಪ್ಪ ಟೇಪು ಹಿಡಿಯೋದು ಕಲಿಸಿದ್ದು ನಿಂಗೇ ತಾನೆ?"

ಅಪ್ಪನ ಹೆಸರು ಬಂದೊಡನೆ ಇಬ್ಬರ ಕಣ್ಣೂ ಮೇಜಿನ ಮೇಲಿನ ಕತ್ತರಿಯ ಕಡೆ ಹೋಯಿತು. ನಾಲ್ಕೂವರೆ ವರ್ಷದಿಂದ ಜೋಪಾನ ಮಾಡಿದ್ದು ಈಗ ಹೋಯಿತು ಎಂದುಕೊಂಡೆ.

ಆಗ ನಮ್ಮ ಮನೆಯವರು ಅಡ್ಡ ಬಂದು, "ಅದು ಕಾಲರ್ ಟ್ಯೂನು," ಎಂದರು, ಸಿಕ್ಕಿಬಿದ್ದ ಕಳ್ಳನ ಧ್ವನಿಯಲ್ಲಿ. ರಿಂಗಿನ ಸದ್ದಿನ ಬದಲು ಕಂಪನಿಯ ಜಾಹೀರಾತು. ಫೋನು ಮಾಡಿದವರಿಗೆ ಜಾಹೀರಾತು ಕೇಳುತ್ತದೆ, ಆಚೆ ಕಡೆ ಮಾತ್ರ ಮಾಮೂಲಿನಂತೆ ಹೊಡೆಯುತ್ತಿರುತ್ತದೆ. ತಕ್ಷಣ ಗ್ರಾಹಕ ಸೇವೆಗೆ ಫೋನು ಹಚ್ಚಿದರು. ಅಲ್ಲಿ ಕಾದರು, ಒಂದನ್ನು ಒತ್ತಿದರು, ನಾಲ್ಕನ್ನು ಒತ್ತಿದರು, ಮತ್ತೆ ಕಾದರು. ಕೊನೆಗೆ ಫೋನಿಟ್ಟು ನೆಲ ನೋಡಿದರು.

"ಈ ಪ್ಲಾನಲ್ಲಿ ಅದನ್ನ ತೆಗೆಯಕ್ಕಾಗಲ್ವಂತೆ. ಅದಕ್ಕೇ ಇಷ್ಟು ಅಗ್ಗವಂತೆ. ಇನ್ನು ಮೂರು ತಿಂಗಳು ಬೇರೆ ಕಂಪನಿಗೂ ಹೋಗಂಗಿಲ್ಲ."

"ಅಪ್ಪಾ, ಹಾಳೇಲಿ ನೇರಳೆ ಪಕ್ಕ ಒಂದು ಸಣ್ಣ ನಕ್ಷತ್ರ ಹಾಕಿದ್ದೀಯಲ್ಲ, ಅದೇನು?" ಎಂದಳು ಮಗಳು.

"ಪೊಟ್ಟಣದ ಮೇಲಿತ್ತು. ಚೆನ್ನಾಗಿದೆ ಅನ್ನೋದಕ್ಕೆ ಹಾಕಿರ್ತಾರೆ ಅಂದ್ಕೊಂಡೆ."

ದೊಡ್ಡಮ್ಮ ಕುರ್ಚಿ ಎಳೆದುಕೊಂಡು ಕೂತಳು. "ನನ್ನ ಐದನೇ ನಂಬರು ವಾಪಸ್ ಕೊಡಿ ಅಂದ್ರೂ ಆಗಲ್ಲ ಅನ್ನಿ."

"ಮೂರು ತಿಂಗಳು ರಿಂಗ್ ಬೇಡ ಬಿಡು ಅಕ್ಕ," ಎಂದಳು ಅಮ್ಮ. ಹೇಳುವಾಗ ಅವಳ ಧ್ವನಿ ತೆಳ್ಳಗಾಯಿತು. ದೊಡ್ಡಮ್ಮ ಬೆರಳಿನ ಹಿಟ್ಟು ಕೆರೆದಳು. ಹೊರಗೆ ಗಾಡಿಯವನು ಹಾರ್ನ್ ಹೊಡೆದ. "ಹೊಡಿಲಿ," ಎಂದಳು.

ಆಮೇಲೆ ಅಮ್ಮ ಇದ್ದಕ್ಕಿದ್ದಂತೆ, "ನಿನ್ನ ಫೋನ್ ತೆಗಿ ಇಲ್ಲಿ," ಎಂದಳು.

ಎರಡು ಫೋನುಗಳನ್ನೂ ಕತ್ತರಿಯ ಪಕ್ಕ ಇಟ್ಟರು. ಅಮ್ಮ ತನ್ನ ಫೋನಿನ ಸ್ಪೀಕರು ಹಾಕಿ ದೊಡ್ಡಮ್ಮನಿಗೆ ಮಾಡಿದಳು. ವಾದ್ಯ ಶುರುವಾಯಿತು, ಹೆಂಗಸು ಬಂದಳು: "ನಮಸ್ಕಾರ! ನೀವು ಕರೆ ಮಾಡುತ್ತಿರುವವರು ನೇರಳೆ ಬಳಗದ ಹೆಮ್ಮೆಯ ಸದಸ್ಯರು. ನೀವೂ ಇಂದೇ ಬನ್ನಿ, ಮನಸಾರೆ ಮಾತಾಡಿ..."

"ಮೊದಲ್ನೇದು ಎಲ್ಲಿ ಹೊಡೀತು?" ಎಂದಳು ಅಮ್ಮ.

"ಮಾಡುತ್ತಿರುವವರು ಅನ್ನೋವಾಗ."

"ಹಾಗಾದ್ರೆ ನೇರಳೆ ಅಂದ ತಕ್ಷಣ ಕಟ್ ಮಾಡಿದ್ರೆ ಒಂದು. ಇನ್ನೊಂದ್ಸಲ ನೋಡೋಣ."

ಮತ್ತೆ ಮಾಡಿದರು. ಬಟ್ಟೆಯ ಅಳತೆ ತೆಗೆದುಕೊಳ್ಳುವ ಹಾಗೇ ಅಮ್ಮ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡಳು. ಒಂದಕ್ಕೆ "ನೇರಳೆ", ಎರಡಕ್ಕೆ "ಹೆಮ್ಮೆಯ", ಮೂರಕ್ಕೆ "ಇಂದೇ". ಕಂದು ಬಣ್ಣದ ಬಟ್ಟೆಯ ತುಂಡೊಂದರ ಮೇಲೆ ಸೀಮೆಸುಣ್ಣದಲ್ಲಿ ಬರೆದೂ ಬರೆದಳು. ಆಮೇಲೆ ದೊಡ್ಡಮ್ಮನ ಸರದಿ. ಅವಳು ತಡಮಾಡಿ ಕಟ್ ಮಾಡುತ್ತಿದ್ದಳು.

"ಒಲೆಯಿಂದ ಬ್ರೆಡ್ ತೆಗಿಯೋವಾಗ್ಲೂ ಹೀಗೇನಾ ನೀನು? ಕರಕಾಗಲ್ವಾ?"

"ನಿನ್ನ ಹಾಗೆ ಹಸಿ ಹಸಿ ತೆಗೆಯಲ್ಲ ನಾನು."

"ಮಾಡು ಮಾಡು, ಇನ್ನೊಂದ್ಸಲ."

ಮೂವತ್ತು ಸಲವಾದರೂ ಆ ಹೆಂಗಸು ನಮಸ್ಕಾರ ಹೇಳಿರಬೇಕು. ಮಗಳು ಅವಳ ಧ್ವನಿಯನ್ನು ಅಣಕಿಸಿ ತೋರಿಸಿದಾಗ ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಟೋಪಿ ಜಾರಿ ಯಂತ್ರದ ಮೇಲೆ ಬಿತ್ತು. ಗಾಡಿಯವನಿಗೂ ಒಂದು ಲೋಟ ಟೀ ಕಳಿಸಿದೆವು. ಇದರ ನಡುವೆ ದೊಡ್ಡಮ್ಮ ಕತ್ತರಿ ಕೈಗೆತ್ತಿಕೊಂಡದ್ದನ್ನು ನಾನು ನೋಡಿದೆ. ತೂಗಿ ನೋಡಿದಳು. ಏಪ್ರನ್ನಿನ ಅಂಚಿನಿಂದ ಜೋತಾಡುತ್ತಿದ್ದ ದಾರವನ್ನು ಚಕ್ಕನೆ ಕತ್ತರಿಸಿದಳು.

"ಸಾಣೆ ಹಿಡಿಸ್ತೀಯಾ?"

"ವರ್ಷಕ್ಕೆರಡು ಸಲ."

"ಹೂಂ," ಎಂದು ಅದನ್ನು ಇದ್ದ ಜಾಗದಲ್ಲೇ ಇಟ್ಟಳು.

ಅವಳು ಹೋದ ಮೇಲೆ ಗಡಿಯಾರ ನೋಡಿದೆ. ಅವಳು ಬಂದು ಒಂದು ಗಂಟೆ ಹತ್ತು ನಿಮಿಷ ಆಗಿತ್ತು. ಬೇಕರಿಯಲ್ಲಿ ಅವಳಿಗೆ ಬೈಗುಳ ಬಿದ್ದಿತೆಂದು ಆಮೇಲೆ ತಿಳಿಯಿತು. ಇವರು ಫ್ರಿಜ್ಜಿನ ಹಾಳೆಯನ್ನು ತೆಗೆದು ಮಡಚಿದರಾದರೂ ಎಸೆಯಲಿಲ್ಲ. ಮೂರು ತಿಂಗಳಾದ ಮೇಲೆ ಹಸಿರು ಕಂಪನಿ ನೋಡಬಹುದು ಎಂದರು.

ಮರುದಿನ ಆರಕ್ಕೆ ಆಚೆಯಿಂದ ಒಂದು ರಿಂಗು ಬಂತು. ಅದರ ಮರುದಿನ "ನೇರಳೆ" ಎಂಬಲ್ಲಿಗೆ ಅಮ್ಮ ಕಟ್ ಮಾಡಿದಳು. ಹೀಗೇ ನಾಲ್ಕು ದಿನ ನಡೆಯಿತು.

ಐದನೆಯ ದಿನ ದೊಡ್ಡಮ್ಮನ ಸರದಿ. ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು, ಇವರು ವ್ಯಾನಿನ ಬೀಗದ ಕೈ ಹುಡುಕುತ್ತಿದ್ದರು. ಫೋನು ಒಂದು ಸಲ ಹೊಡೆಯಿತು. ಇನ್ನೊಂದು ಸಲ ಹೊಡೆದು ನಿಂತಿತು.

ಅಮ್ಮ ನನ್ನ ಮುಖ ನೋಡಿದಳು. "ಎರಡಾಯ್ತಲ್ವಾ?"

"ಎರಡೇ."

"ತಡವಾಗಿ ಕಟ್ ಮಾಡಿದ್ದಾಳೆ. ಮೊದಲಿಂದ್ಲೂ ಹಾಗೇ ಅವಳು."

"ಇರಬಹುದು ಅತ್ತೆ," ಎಂದರು ಇವರು, ಬೀಗದ ಕೈ ಸಿಕ್ಕಿದ್ದರೂ ಹೊರಡದೆ. "ಆದ್ರೆ ಮೊನ್ನೆ ಹೋಗೋ ಹೊತ್ತಿಗೆ ಹತ್ತಕ್ಕೆ ಹತ್ತೂ ಸರಿ ಮಾಡ್ತಿದ್ರು."

"ಫೋನ್ ಮಾಡಿ ಏನಂತ ಮಾತಾಡ್ಲಿ? ಜಗಳ ಆಗತ್ತೆ."

"ಆದ್ರೆ ಆಗ್ಲಿ ಬಿಡಮ್ಮ," ಎಂದೆ. "ಬ್ರೆಡ್ಡಿನ ಗಾಡಿ ಇದೆಯಲ್ಲ, ಬರ್ತಾಳೆ."

ಅಮ್ಮ ಸೂಜಿಯನ್ನು ಪಿನ್ನಿನ ದಿಂಬಿಗೆ ಚುಚ್ಚಿ, ನಂಬರು ಒತ್ತಿ ಫೋನು ಕಿವಿಗಿಟ್ಟುಕೊಂಡಳು. ನಾನು ನಿಂತಲ್ಲಿಗೂ ಆ ಹೆಂಗಸಿನ ಧ್ವನಿ ಸಣ್ಣಗೆ ಕೇಳುತ್ತಿತ್ತು. "ನೇರಳೆ" ಹೋಯಿತು, "ಹೆಮ್ಮೆಯ" ಹೋಯಿತು, "ಇಂದೇ" ಹೋಯಿತು. ಅಮ್ಮ ಕಟ್ ಮಾಡಲಿಲ್ಲ. "ಮನಸಾರೆ" ಎಂಬಲ್ಲಿಗೆ ವಾದ್ಯ ಅರ್ಧಕ್ಕೇ ನಿಂತಿತು.