ಎತ್ತದ ಕೈ

ಈಜುಕೊಳದ ಕೋಚ್‌ಗೆ ಮಕ್ಕಳು ಇಟ್ಟ ಹೆಸರು ಸೀಟಿ ಮೇಡಂ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಇತ್ತು.

ಅವಳ ಕೊಳದಲ್ಲಿ ಒಂದು ಕಟ್ಟುನಿಟ್ಟು. ಯಾರೂ ಒಂಟಿಯಾಗಿ ನೀರಿಗಿಳಿಯುವಂತಿಲ್ಲ, ಪ್ರತಿಯೊಬ್ಬರಿಗೂ ಒಬ್ಬ ಜೋಡಿ ಇರಲೇಬೇಕು. ಸೀಟಿ ಊದಿದರೆ ಯಾರು ಎಲ್ಲೇ ಇರಲಿ, ಜೋಡಿಯ ಹತ್ತಿರ ಹೋಗಿ ಕೈ ಹಿಡಿದು ಮೇಲೆತ್ತಬೇಕು. ಒಂದೇ ಒಂದು ಜೋಡಿ ಕೈ ಎತ್ತದಿದ್ದರೂ ಸರಿ, ಎಲ್ಲರೂ ದಡಕ್ಕೆ ಹತ್ತಬೇಕು. ನೀರು ಸದ್ದಿಲ್ಲದೆ ನುಂಗುತ್ತದೆ, ಮುಳುಗುವವರು ಕೂಗುವುದಿಲ್ಲ ಎಂಬುದನ್ನು ಕಂಡುಂಡವಳು ಅವಳು.

ಆ ಬೆಳಗ್ಗೆ ತಂಡದ ಆಯ್ಕೆ ಇತ್ತು. ಹೊರಗಿನಿಂದ ಬಂದ ಆಯ್ಕೆದಾರರು ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಕ್ಕಳು ಮೈ ಬಿಸಿ ಮಾಡಿಕೊಳ್ಳಲು ನೀರಿಗಿಳಿದು ಸ್ವಲ್ಪ ಹೊತ್ತಾಗಿತ್ತಷ್ಟೆ. ಸೀಟಿ ಮೇಡಂ ಎಂದಿನಂತೆ ಊದಿದಳು. ನೀರಿನಿಂದ ಜೋಡಿ ಜೋಡಿ ಕೈಗಳು ಎದ್ದವು. ಮೂಲೆಯಲ್ಲಿ ಒಬ್ಬಳು ಮಾತ್ರ ಕೈ ಕೆಳಗೇ ಇಟ್ಟು ನಿಂತಿದ್ದಳು.

ಅವಳನ್ನು ಎಲ್ಲರೂ ಕಪ್ಪೆಮರಿ ಅನ್ನುತ್ತಿದ್ದರು. ಹದಿನೈದರ ಹುಡುಗಿ. ಕಾಲು ಮಡಚಿ ಒದ್ದು ಈಜುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳ ಜೋಡಿಗೆ ಬಾಣ ಎಂಬ ಅಡ್ಡಹೆಸರು. ಅವಳಿಗಿಂತ ಒಂದು ವರ್ಷ ದೊಡ್ಡವನು. ಇಬ್ಬರದೂ ಎದುರುಬದುರು ಮನೆ, ಒಂದೇ ಮೆಟ್ಟಿಲ ಮೇಲೆ ಆಡಿ ಬೆಳೆದವರು.

"ಎಲ್ಲಮ್ಮಾ ನಿನ್ನ ಬಾಣ? ಬಿಟ್ಟಿದ್ದು ವಾಪಸ್ ಬಂದಿಲ್ವಾ?" ಎಂದು ಒಬ್ಬ ಚೇಷ್ಟೆ ಮಾಡಿದ. ಎಲ್ಲರೂ ನಕ್ಕರು.

"ನನ್ನ ಕೈ ಹಿಡ್ಕೊಂಡು ಎತ್ತೇ" ಎಂದು ಪಕ್ಕದ ಪುಟ್ಟ ಹುಡುಗಿ ಪಿಸುಗುಟ್ಟಿದಳು. "ಮೇಡಂಗೆ ಅಷ್ಟು ದೂರದಿಂದ ಗೊತ್ತಾಗಲ್ಲ. ಇವತ್ತು ಬಯ್ಸಿಕೋಬೇಡ."

ಪಾಪ, ಒಳ್ಳೇ ಮನಸ್ಸಿನಿಂದಲೇ ಚಾಚಿದ ಕೈ. ಕಪ್ಪೆಮರಿ ಆ ಕೈಯನ್ನು ಒಮ್ಮೆ ನೋಡಿದಳು. "ಬೇಡ ಕಣೇ" ಎಂದು ಮೆಲ್ಲಗೆ ಹೇಳಿ, ತಲೆಯೆತ್ತಿ ಕೂಗಿದಳು: "ಮೇಡಂ, ನನ್ನ ಜೋಡಿ ಇಲ್ಲ! ಬಟ್ಟೆ ಬದಲಿಸೋ ಕೋಣೆಗೆ ಹೋದವನು ಬಂದಿಲ್ಲ. ಬೇಗ ಹೋಗಿ ನೋಡಿ!"

ಸೀಟಿ ಮೇಡಂಗೆ ಮೊದಲು ಬಂದದ್ದು ಸಿಟ್ಟೇ. ಆಯ್ಕೆದಾರರ ಎದುರಿಗೆ ಇದೊಂದು ಆಗಬೇಕಿತ್ತೆ? ಆದರೆ ಹುಡುಗಿಯ ದನಿ ಕೇಳಿ ಅವಳ ಕಾಲು ತಾನೇ ಓಡಿತು. ನೀರಿನಲ್ಲಿದ್ದವರೆಲ್ಲ ದಡಕ್ಕೆ ಹತ್ತಿದರು.

ಬಾಣ ಕೋಣೆಯ ಬೆಂಚಿನ ಪಕ್ಕ ನೆಲದಲ್ಲಿ ಗೋಡೆಗೊರಗಿ ಕುಸಿದಿದ್ದ. ಗದ್ದ ಎದೆಗೆ ತಾಗಿತ್ತು. ಕರೆದರೆ ರೆಪ್ಪೆ ಸ್ವಲ್ಪ ಅಲುಗಿತು, ಅಷ್ಟೇ. ಇಂಥದ್ದನ್ನು ಸೀಟಿ ಮೇಡಂ ಎಷ್ಟೋ ಸಲ ಕಂಡಿದ್ದಳು. ಸ್ಪರ್ಧೆಯ ಗಡಿಬಿಡಿಯಲ್ಲಿ ಈ ಮಕ್ಕಳು ಬೆಳಗ್ಗೆ ಏನೂ ತಿನ್ನದೆ ಬಂದು ತಲೆ ಸುತ್ತಿ ಬೀಳುತ್ತಾರೆ. ಅದಕ್ಕೆಂದೇ ಅವಳ ಚೀಲದಲ್ಲಿ ಸದಾ ಗ್ಲೂಕೋಸ್ ನೀರಿನ ಬಾಟಲಿ. ಅವನ ತಲೆಯನ್ನು ತೋಳಿಗೆ ಒರಗಿಸಿಕೊಂಡು, ಮುಚ್ಚಳ ತೆಗೆದು ಬಾಟಲಿಯನ್ನು ತುಟಿಗೆ ಹಿಡಿದಳು.

"ಕುಡಿಸಬೇಡಿ ಮೇಡಂ!"

ಕಪ್ಪೆಮರಿ ಬಾಗಿಲಲ್ಲಿ ನಿಂತಿದ್ದಳು. ಹುಡುಗರ ಕೋಣೆ ಅದು, ಹುಡುಗಿಯರು ಕಾಲಿಡುವಂತಿರಲಿಲ್ಲ. ಅವಳು ಒಳಗೆ ಬಂದೇಬಿಟ್ಟಳು. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹಸಿವಲ್ಲ ಮೇಡಂ ಅದು. ಮಾತ್ರೆ ತಗೊಂಡಿದ್ದಾನೆ. ದಣಿವಾಗಬಾರದು ಅಂತ ಒಂದು ಥರದ್ದು ತಗೊಳ್ತಿದ್ದ. ಅದರಿಂದ ನಿದ್ದೆ ಬರಲ್ಲ, ಎದೆ ಡವಡವ ಅನ್ನುತ್ತೆ ಅಂತ ಇನ್ನೊಂದು ಥರದ್ದು. ಇವತ್ತು ಕೈ ನಡುಗುತ್ತೆ ಅಂತ ಎರಡನೇದನ್ನ ಜಾಸ್ತಿನೇ ನುಂಗಿದ. ನಾನೇ ನೋಡಿದೆ. ಐದು ನಿಮಿಷ ಬಂದೆ ಅಂದ, ಬರಲಿಲ್ಲ."

ಬಾಟಲಿ ಕೈಯಿಂದ ಉರುಳಿತು. ನುಂಗಲಾರದವನ ಗಂಟಲಿಗೆ ಆ ನೀರು ಇಳಿದಿದ್ದರೆ? ಸೀಟಿ ಮೇಡಂ ಬಗ್ಗಿ ನೋಡಿದಳು. ತುಟಿ ನೀಲಿಗಟ್ಟುತ್ತಿತ್ತು. ಒಂದು ಉಸಿರಿಗೂ ಇನ್ನೊಂದು ಉಸಿರಿಗೂ ನಡುವೆ ತೀರಾ ಹೆಚ್ಚು ಅಂತರ. ಅವಳು ಬಾಗಿಲಿಗೆ ಬಂದ ಕಾವಲುಗಾರನಿಗೆ ಆಂಬುಲೆನ್ಸ್ ಕರೆಸಲು ಕೂಗಿ ಹೇಳಿ, ಹುಡುಗನನ್ನು ನೆಲದ ಮೇಲೆ ಮಲಗಿಸಿ, ಬಾಯಿಗೆ ಬಾಯಿಟ್ಟು ಉಸಿರು ತುಂಬತೊಡಗಿದಳು. ಜೀವಮಾನವೆಲ್ಲ ಕಲಿಸಿದ ಕೆಲಸ ಅದು. ನೀರೇ ಇಲ್ಲದ ಕಡೆ ಮುಳುಗಿದವನಿಗೆ ಅದನ್ನು ಮಾಡಬೇಕಾದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಹುಡುಗಿ ಅವನ ಚೀಲದ ಅಡಿಯಿಂದ ಉಳಿದ ಮಾತ್ರೆಗಳ ಪೊಟ್ಟಣವನ್ನು ಹುಡುಕಿ ತೆಗೆದು ಮುಷ್ಟಿಯಲ್ಲಿ ಹಿಡಿದಳು.

"ಅದನ್ನ ಇಲ್ಲಿ ಕೊಡು, ನಿನ್ನ ಕೈಯಲ್ಲಿ ಬೇಡ. ಯಾರಾದ್ರೂ ನಿಂದೇ ಅಂದ್ಕೊಂಡಾರು" ಎಂದು ಬಾಗಿಲಲ್ಲಿದ್ದ ಕಾವಲುಗಾರ ಹೇಳಿದ.

"ಅಂದ್ಕೊಳ್ಳಲಿ ಅಣ್ಣಾ. ಡಾಕ್ಟರ್ ಕೈಗೇ ಕೊಡ್ತೀನಿ."

ಆಂಬುಲೆನ್ಸ್‌ನಲ್ಲಿ ಜೊತೆಗೇ ಹೋಗಿ ಹಾಗೇ ಕೊಟ್ಟಳು. ಆಸ್ಪತ್ರೆಯ ಡಾಕ್ಟರ್ ಪೊಟ್ಟಣವನ್ನು ಬೆಳಕಿಗೆ ಹಿಡಿದು, ಇಂಜೆಕ್ಷನ್ ಹೆಸರು ಹೇಳಿ ನರ್ಸನ್ನು ಓಡಿಸಿದರು. ಬಹಳ ಹೊತ್ತಿನ ಮೇಲೆ ಹೊರಗೆ ಬಂದಾಗ ಅವರ ಮುಖ ಸಡಿಲವಾಗಿತ್ತು.

"ಉಸಿರು ಸರಿಯಾಗಿದೆ. ಇವತ್ತು ಇಲ್ಲೇ ಇರಲಿ" ಎಂದರು. ಆಮೇಲೆ ಹುಡುಗಿಯ ಕಡೆ ತಿರುಗಿದರು. "ನೋಡಮ್ಮಾ, ಗಾಂಜಾ ಅಂತಾರೆ, ಪೌಡರ್ ಅಂತಾರೆ, ಮೂಸೋ ಅಂಟು ಅಂತಾರೆ, ಅವೆಲ್ಲಕ್ಕೂ ಮಕ್ಕಳು ಹೆದರ್ತಾರೆ. ಮಾತ್ರೆ ಅಂದ್ರೆ ಮಾತ್ರ ಔಷಧಿ ತಾನೇ ಅಂದ್ಕೊಳ್ತಾರೆ. ಇದನ್ನ ಯಾವ ಔಷಧಿ ಕಂಪನಿಯೂ ಮಾಡಿದ್ದಲ್ಲ, ಯಾರೋ ಹಿತ್ತಿಲಲ್ಲಿ ಅಚ್ಚೊತ್ತಿದ್ದು. ಒಂದರಲ್ಲಿ ಏನೂ ಇರಲ್ಲ, ಇನ್ನೊಂದರಲ್ಲಿ ಉಸಿರು ನಿಲ್ಲಿಸುವಷ್ಟು ಇರುತ್ತೆ. ನುಂಗೋವ್ರಿಗೂ ಗೊತ್ತಿರಲ್ಲ, ಮಾರೋವ್ರಿಗೂ ಗೊತ್ತಿರಲ್ಲ. ನೀನು ಬಾಯಿ ಬಿಟ್ಟಿದ್ದಕ್ಕೆ ಅವನು ಉಳಿದ."

ಕಪ್ಪೆಮರಿ ನೆಲ ನೋಡುತ್ತಾ ನಿಂತಿದ್ದಳು. ಈಜುಡುಗೆಯ ಮೇಲೊಂದು ಟವೆಲ್, ಬರಿಗಾಲು. ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು.

ಅಷ್ಟರಲ್ಲಿ ಬಾಣನ ತಾಯಿ ಬಂದಳು. ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ ಕೆಲಸ. ಅಳತೆಯ ಟೇಪು ಕೊರಳಲ್ಲೇ ಇತ್ತು, ತೋಳಿಗೆ ನೀಲಿ ದಾರದ ತುಣುಕುಗಳು ಅಂಟಿದ್ದವು. ಡಾಕ್ಟರ ಮಾತೆಲ್ಲ ಕೇಳಿದ ಮೇಲೆ ಹುಡುಗಿಯ ಎದುರು ನಿಂತಳು.

"ನಿನಗೆ ಮೊದಲೇ ಗೊತ್ತಿತ್ತಾ, ಮಗಾ?"

"ಗೊತ್ತಿತ್ತು ಆಂಟಿ." ಸುತ್ತಿಬಳಸಲಿಲ್ಲ ಹುಡುಗಿ. "ಯಾರಿಗೂ ಹೇಳಬಾರದು ಅಂತ ತನ್ನ ತಲೆ ಮೇಲೆ ಕೈ ಇಡ್ಸಿ ಆಣೆ ಮಾಡಿಸಿಕೊಂಡಿದ್ದ. ಆಯ್ಕೆ ಮುಗಿದ ಮೇಲೆ ಬಿಡ್ತೀನಿ ಅಂದಿದ್ದ. ನಂಬಿದೆ. ನಂಬಬಾರದಿತ್ತು."

ಆ ತಾಯಿ ಕಿರುಚಿದ್ದರೂ, ಎರಡೇಟು ಕೊಟ್ಟಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ತಾಯಿ ತನ್ನ ಸ್ವೆಟರ್ ಬಿಚ್ಚಿದಳು. ಹುಡುಗಿಯ ಒಂದು ಕೈ ಹಿಡಿದು ತೋಳಿಗೆ ತೂರಿಸಿದಳು, ಇನ್ನೊಂದನ್ನೂ ತೂರಿಸಿದಳು, ಚಿಕ್ಕ ಮಗುವಿಗೆ ತೊಡಿಸುವ ಹಾಗೆ. ಗುಂಡಿಗಳನ್ನು ಒಂದೊಂದಾಗಿ ಹಾಕಿದಳು.

"ಒಂದೇ ಮನೇಲಿ ಇದ್ದೂ ನನಗೇ ಗೊತ್ತಾಗಲಿಲ್ಲ" ಎಂದಳು. "ನೀನಾದರೂ ಹೇಳಿದೆಯಲ್ಲ."

ಆಗ ಅತ್ತಳು ಕಪ್ಪೆಮರಿ, ಅದೂ ಎಂಥ ಅಳು!

ಸೀಟಿ ಮೇಡಂ ಕಿಟಕಿಯ ಕಡೆ ತಿರುಗಿದಳು. ಇಷ್ಟು ವರ್ಷ ಈ ಮಕ್ಕಳಿಗೆ ಧೈರ್ಯ ಹೇಳಿಕೊಟ್ಟವಳು ತಾನೆಂದು ಅವಳಿಗೊಂದು ಹಮ್ಮಿತ್ತು. ಎತ್ತರದ ಹಲಗೆಯಿಂದ ಹಾರುವ ಧೈರ್ಯ, ಆಳಕ್ಕೆ ಇಳಿಯುವ ಧೈರ್ಯ. ಗೆಳೆಯನ ಸಿಟ್ಟಿಗೆ, ಎಲ್ಲರ ಬಾಯಿಗೆ ಗುರಿಯಾಗುತ್ತೇನೆಂದು ಗೊತ್ತಿದ್ದೂ ಒದ್ದೆ ಮೈಯಲ್ಲಿ ನಿಂತು ನಿಜ ನುಡಿಯುವುದನ್ನು ಅವಳು ಕಲಿಸಿರಲಿಲ್ಲ. ಹುಡುಗಿ ಅದನ್ನು ಎಲ್ಲಿಂದ ತಂದಳೋ!

ಮಧ್ಯಾಹ್ನ ಮೂವರನ್ನೂ ಒಳಗೆ ಬಿಟ್ಟರು. ಬಾಣ ಕಣ್ಣು ಬಿಟ್ಟಿದ್ದ. ಕಪ್ಪೆಮರಿಯನ್ನು ಕಂಡು ಗೋಡೆಯ ಕಡೆ ಮುಖ ತಿರುಗಿಸಿದ.

"ಹೇಳಿಬಿಟ್ಟೆ ತಾನೇ? ಚಾಡಿಕೋರಿ."

"ಹೌದು. ಇನ್ನೊಂದ್ಸಲ ಆದ್ರೂ ಹೇಳ್ತೀನಿ. ಸಿಟ್ಟು ಮಾಡ್ಕೊ, ಪರವಾಗಿಲ್ಲ. ಸಿಟ್ಟು ಮಾಡ್ಕೊಳ್ಳೋಕೂ ಉಸಿರು ಇರಬೇಕಲ್ಲ?"

ಅವನು ಗೋಡೆಗೇ ಹೇಳುವಂತೆ, "ಉಳಿದಿದ್ದನ್ನೂ ನೀನೇ ಅಮ್ಮಂಗೆ ಹೇಳು. ಯಾರು ಕೊಟ್ಟಿದ್ದು, ಯಾವಾಗಿಂದ, ಎಲ್ಲಾ. ನನ್ನ ಕೈಲಿ ಆಗಲ್ಲ" ಎಂದ.

"ಇಲ್ಲಪ್ಪಾ" ಎಂದಳು ಕಪ್ಪೆಮರಿ. ಸ್ವೆಟರಿನ ಉದ್ದ ತೋಳು ಅವಳ ಬೆರಳನ್ನೂ ದಾಟಿ ಜೋತಾಡುತ್ತಿತ್ತು. "ನನ್ನ ಪಾಲಿಂದು ಹೇಳಿ ಮುಗೀತು. ಇದು ನಿನ್ನ ಪಾಲಿಂದು. ನೀನು ಹೇಳಿ ಮುಗಿಸೋವರೆಗೂ ಇಲ್ಲೇ ಇರ್ತೀನಿ."

ತಾಯಿ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದು ಕೂತಳು. ಬಾಣ ಗೋಡೆಯಿಂದ ಮೆಲ್ಲಗೆ ಈಚೆಗೆ ಹೊರಳಿದ.

"ಅಮ್ಮಾ" ಎಂದ, "ಮೊದಲನೇದನ್ನ ನನಗೆ ಕೊಟ್ಟಿದ್ದು..."

ಸೀಟಿ ಮೇಡಂ ಹೊರಗೆ ಬಂದು ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು.